ಸೈಕಲ್ಲು ಒಂದು, ಟವೆಲ್ಲು ಎಲ್ಲರಿಗೂ

ಬಹುಮಾನ ಗೆಲ್ಲುವುದು ಕಷ್ಟ ಎನ್ನುವವರು ಬಹುಮಾನ ಗೊತ್ತುಮಾಡುವ ಕೆಲಸಕ್ಕೆ ಕೈಹಾಕಿ ನೋಡಿದವರಲ್ಲ. ಗೆಲ್ಲಲು ತಲೆಯಿದ್ದರೆ ಸಾಕು. ತಲೆಯಿಲ್ಲದವರಿಗೆ ದೈವ ಒಲಿದರೂ ನಡೆಯುತ್ತದೆ. ಆದರೆ ಮೊದಲನೆಯವನಿಗೆ ಏನು, ಎರಡನೆಯವನಿಗೆ ಎಷ್ಟು, ಸೋತವನನ್ನು ಯಾವ ಮಾತು ಹೇಳಿ ಮನೆಗೆ ಕಳಿಸುವುದು ಎಂದು ಮುಂಚಿತವಾಗಿ ಕೂತು ನಿರ್ಧರಿಸುವುದಕ್ಕೆ ಮದುವೆಮನೆಯಲ್ಲಿ ಆಯೇರಿನ ಸೀರೆ ಹಂಚುವ ಸೋದರತ್ತೆಯ ಗುಂಡಿಗೆ ಬೇಕು. ನನಗೆ ಆ ಗುಂಡಿಗೆ ಇರಲಿಲ್ಲ. ಇದ್ದದ್ದು ಬಿ.ಕಾಂ. ಪದವಿ ಮತ್ತು ಹಸಿವು. ಇವೆರಡೂ ಕೂಡಿ ಖಾನಾಪುರ ತಾಲೂಕಿನ ಸಮಸ್ತ ಜನತೆಗೆ ಮಾಡಿದ ಉಪಕಾರವನ್ನು ಇನ್ನೂ ಯಾರೂ ಹೊಗಳಿ ಬರೆದಿಲ್ಲವಾದ್ದರಿಂದ ನಾನೇ ಬರೆಯಬೇಕಾಗಿದೆ.

ಹಸಿವಿನದನ್ನು ಮೊದಲು ಹೇಳಿಬಿಡುತ್ತೇನೆ. ನಾವು ಜೈನರು, ನಮ್ಮ ಮನೆ ಬೆಳಗಾವಿಯ ಕೋಟೆಯ ಹತ್ತಿರ. ಮದುವೆಯಾದ ಹೊಸದರಲ್ಲಿ, ಚಾತುರ್ಮಾಸಕ್ಕೆ ಬಂದಿದ್ದ ಮುನಿಗಳ ಮುಂದೆ ನನ್ನ ಹೆಂಡತಿ ಪದ್ಮಾವತಿ, ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ ಎಂದು ನೇಮ ಹಿಡಿದಳು. ಪಕ್ಕದಲ್ಲಿ ಮಾವನವರು ನಿಂತಿದ್ದರು. ಅವರ ಕಣ್ಣಲ್ಲಿ ದೊಡ್ಡವನಾಗುವ ಚಪಲದಿಂದ ನಾನೂ ಹಿಡಿದೆ, ಅದೂ ಆಜೀವ. ಮುನಿಗಳು ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ, "ವಿಚಾರ ಮಾಡಿ ಹಿಡಿಯಪ್ಪ" ಎಂದಿದ್ದರು. ಆಗ ವಿಚಾರ ಮಾಡುವ ಅಗತ್ಯವೇ ಕಾಣಲಿಲ್ಲ. ನಾನು ಕೆಲಸಕ್ಕಿದ್ದದ್ದು ಒಂದು ಹಂಚಿನ ಕಂಪನಿಯ ಬೆಳಗಾವಿ ಕಚೇರಿಯಲ್ಲಿ. ಐದಕ್ಕೆ ಬಾಗಿಲು ಹಾಕಿ ಹೊರಟರೆ ಹೊತ್ತಿರುವಾಗಲೇ ಮನೆ. ಪದ್ಮಾವತಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಾ ಒಂದೊಂದನ್ನೇ ಉಬ್ಬಿದ ಹಾಗೆಯೇ ತಾಟಿಗೆ ಹಾಕುತ್ತಿದ್ದಳು. ಧರ್ಮ ಇಷ್ಟು ಸುಖದ್ದು ಎಂದು ನನಗೆ ಅಲ್ಲಿಯ ತನಕ ತಿಳಿದಿರಲಿಲ್ಲ.

ಅದನ್ನು ಯಾರು ಕಂಡು ಕರುಬಿದರೋ, ನನ್ನನ್ನು ಖಾನಾಪುರದ ಕಾರ್ಖಾನೆಗೆ ವರ್ಗ ಮಾಡಿದರು. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಖಾನಾಪುರವೇನು ದೂರದ ಊರಲ್ಲ, ಆದರೆ ಸಂಜೆಯ ಪ್ಯಾಸೆಂಜರ್ ಗಾಡಿಗೆ ಆ ಸಂಗತಿ ಗೊತ್ತಿರಲಿಲ್ಲ. ಅದು ಕಲ್ಲಿದ್ದಲ ಹೊಗೆ ಉಗುಳುತ್ತಾ, ಕಂಡಕಂಡಲ್ಲಿ ನಿಂತು ನೀರು ಕುಡಿಯುತ್ತಾ ಬೆಳಗಾವಿ ಮುಟ್ಟುವಷ್ಟರಲ್ಲಿ ಸೂರ್ಯ ಎಂದೋ ತನ್ನ ಕೆಲಸ ಮುಗಿಸಿಕೊಂಡು ಹೋಗಿರುತ್ತಿದ್ದ. ಮನೆಗೆ ಬಂದರೆ ಒಲೆ ಆರಿರುತ್ತಿತ್ತು, ತಾಟು ಬೆಳಗಿ ಗೂಡಿನಲ್ಲಿ ನಿಂತಿರುತ್ತಿತ್ತು. ಹೀಗಾಗಿ ಬೆಳಿಗ್ಗೆ ಕಟ್ಟಿಕೊಂಡು ಹೋದ ರೊಟ್ಟಿಯನ್ನೇ ಸಂಜೆ ಕಾರ್ಖಾನೆಯ ಕಚೇರಿಯಲ್ಲಿ ಬುತ್ತಿ ಬಿಚ್ಚಿ ತಿನ್ನಬೇಕು. ಆ ಹೊತ್ತಿಗೆ ಅದು ನಮ್ಮ ಕಂಪನಿಯ ಹಂಚಿಗಿಂತ ಗಟ್ಟಿಯಾಗಿರುತ್ತಿತ್ತು. ನೇಮ ಮುರಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೀವು ನಮ್ಮ ಮಾವನವರನ್ನು ನೋಡಿಲ್ಲ.

ಈಗ ಮಂಗಗಳ ವಿಷಯಕ್ಕೆ ಬರುತ್ತೇನೆ. ಜಾಂಬೋಟಿಯ ಕಡೆಯ ಕಾಡಿನಿಂದ ಹಿಂಡು ಹಿಂಡಾಗಿ ಬರುವ ಮಂಗಗಳಿಗೆ ನಮ್ಮ ಕಂಪನಿಯ ಹಂಚಿನ ಮೇಲೆ ವಿಶೇಷ ಪ್ರೀತಿ. ಒಂದು ಹಂಚು ಎತ್ತಿ ಅಡಿಗೆ ಇಣುಕುವುದು, ಏನೂ ಸಿಗದಿದ್ದರೆ ಬೇಜಾರಾಗಿ ಪಕ್ಕದ್ದನ್ನು ಎತ್ತುವುದು, ಏನಾದರೂ ಸಿಕ್ಕರೆ ಸಂತೋಷವಾಗಿ ಪಕ್ಕದ್ದನ್ನು ಎತ್ತುವುದು. ಮಳೆ ಬಿದ್ದ ಮೇಲೆ ಗಿರಾಕಿಗಳು ಬಂದು ಬಯ್ಯುತ್ತಿದ್ದುದು ಮಂಗಗಳನ್ನಲ್ಲ, ನಮ್ಮನ್ನು. ಅನುಕೂಲಸ್ಥರು ಒಬ್ಬೊಬ್ಬರಾಗಿ ಸ್ಲ್ಯಾಬಿನ ಮನೆ ಕಟ್ಟಿಸತೊಡಗಿದಾಗ ನಮ್ಮ ಧಣಿ ಶಿವಲಿಂಗಪ್ಪ ಸಾವಕಾರರಿಗೆ ಚಿಂತೆ ಹತ್ತಿತು. ಅವರ ಮನೆ ಬೆಳಗಾವಿಯ ಶಿವಬಸವ ನಗರದಲ್ಲಿ, ಸ್ಲ್ಯಾಬಿನದು. ಅಲ್ಲಿ ಕೂತೇ ಅವರಿಗೆ ಹೊಳೆಯಿತಂತೆ: ಉಪಾಯವನ್ನು ಜನರನ್ನೇ ಕೇಳಿದರೆ ಹೇಗೆ?

"ನಾವು ನಾಕ ಮಂದಿ ಕುಂತು ತಲಿ ಕೆಡಸ್ಕೊಳ್ಳೂದು ಯಾಕ್ರೀ ಚೌಗಲೇರ? ಇಡೀ ತಾಲೂಕಿನ ತಲಿ ಅದಾವಲ್ಲ" ಎಂದರು ನನ್ನನ್ನು ಕರೆಸಿ. "ಸ್ಪರ್ಧಾ ಇಡೂಣು. ಮಂಗ್ಯಾಗ ನೋವ ಆಗಬಾರದು, ಹನಮಪ್ಪ ಅದು. ಹಂಚ ಉಳೀಬೇಕು. ಯಾರ ಉಪಾಯ ಛಲೋ ಐತಿ ಅವರಿಗೆ ಬಹುಮಾನ. ಯಾರಿಗೆ ಏನು, ಎಷ್ಟು ಅನ್ನೂದು ನೀವು ಕುಂತು ಲೆಕ್ಕಾ ಹಾಕ್ರಿ, ಕಾಲೇಜ ಕಲತಾವ್ರು. ಇದೊಂದು ಗೆದ್ದ ತೋರಸ್ರಿ, ಆಮ್ಯಾಲೆ ನಿಮ್ಮ ಖುರ್ಚೀ ವಿಚಾರ ಮಾಡೂಣು."

ಖುರ್ಚಿ ಎಂದರೆ ಬೆಳಗಾವಿ ಕಚೇರಿಯ ನನ್ನ ಹಳೇ ಖುರ್ಚಿ. ಅದು ಬೇಕೆಂದು ನಾನು ಮೂರು ಸಲ ಅವರ ಮುಂದೆ ಹಲ್ಲುಗಿಂಜಿದ್ದೆ. ಖುರ್ಚಿ ಎಂದರೆ ಐದಕ್ಕೆ ಬಿಡುಗಡೆ, ಐದೂವರೆಗೆ ಉಬ್ಬಿದ ರೊಟ್ಟಿ. ಆ ರಾತ್ರಿ ಹಸಿದ ಹೊಟ್ಟೆಯಲ್ಲೇ ಪದ್ಮಾವತಿಗೆ ಸುದ್ದಿ ಹೇಳಿದೆ. ಅವಳು, "ಬಹುಮಾನಾ ಹಂಚೂದರಾಗ ಏನೈತ್ರಿ, ನಮ್ಮವ್ವ ಆಗಿದ್ರ ಒಲಿ ಮುಂದ ಕುಂತ ಹೇಳತಿದ್ಲು" ಎಂದಳು. ಅತ್ತೆಯವರನ್ನು ಕೇಳಿದ್ದರೆ ಒಳ್ಳೆಯದಿತ್ತು ಎಂದು ಈಗ ಅನಿಸುತ್ತದೆ.

ನನ್ನ ಮೊದಲ ಯೋಜನೆ ಇವತ್ತಿಗೂ ನನಗೆ ಹೆಮ್ಮೆಯದು. ಒಂದೇ ಬಹುಮಾನ, ಒಂದು ಹೊಸ ಸೈಕಲ್ಲು. ಎರಡನೆಯದಿಲ್ಲ, ಮೂರನೆಯದಿಲ್ಲ. ಆಗ ಸೈಕಲ್ಲೆಂದರೆ ಏನು ಎಂಬುದು ಈಗಿನವರಿಗೆ ತಿಳಿಯುವುದಿಲ್ಲ. ವರ ಕೂಡ ಅದಿಲ್ಲದೆ ಮಂಟಪ ಏರುತ್ತಿರಲಿಲ್ಲ. ಇಂಥ ದೊಡ್ಡ ಬಹುಮಾನ ಒಂದೇ ಇಟ್ಟರೆ ನಿಜವಾಗಿ ತಲೆಯಿದ್ದವನು ಮಾತ್ರ ತಲೆ ಖರ್ಚು ಮಾಡುತ್ತಾನೆ, ಉಳಿದವರು ತಮಗಿದು ಸಿಗದೆಂದು ತಾವಾಗಿ ದೂರ ಉಳಿಯುತ್ತಾರೆ, ನಮಗೆ ಓದುವ ಕೆಲಸವೂ ಕಡಿಮೆ. ಇದನ್ನು ನಾನು ಸಾವಕಾರರಿಗೆ ಅರ್ಥಶಾಸ್ತ್ರದ ಉಪನ್ಯಾಸಕನಂತೆ ವಿವರಿಸಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಪೂರ್ತಿ ಕೇಳಿದರು.

"ಲೆಕ್ಕಾ ಬರೋಬ್ಬರಿ ಐತಿ" ಎಂದರು. "ಆದ್ರ ಒಬ್ಬಾವ ಸೈಕಲ್ ಹತ್ತಿ ಹೋದ್ರ ಉಳದಾವ್ರೆಲ್ಲಾ ಸಿಟ್ಟಾಗಿ ನಡಕೋಂತ ಹೋಗ್ತಾರಲ್ರೀ. ಅವ್ರೂ ನಾಳೆ ಹಂಚ ತಗೊಳ್ಳಾವ್ರ. ಎಲ್ಡನೇದು ಮೂರನೇದು ಇಡ್ರಿ."

ಇಟ್ಟೆ. ಎರಡನೆಯದು ಸೀಮೆಎಣ್ಣೆ ಸ್ಟವ್ವು, ಮೂರನೆಯದು ಕೈಬ್ಯಾಟರಿ ದೀಪ. ಮರುದಿನ ಸಾವಕಾರರಿಗೆ ಹೊಸ ಸಂಶಯ. ಎರಡನೆಯ ಬಹುಮಾನ ಬಂದವನಿಗೆ, ಏನೂ ಬಾರದವನಿಗಿಂತ ಹೆಚ್ಚು ಅವಮಾನವಲ್ಲವೇ? ಏನೂ ಬಾರದವನು, ನಾನು ಕಳಿಸಿಯೇ ಇರಲಿಲ್ಲ ಎಂದು ಸುಳ್ಳು ಹೇಳಿ ಬದುಕಬಹುದು. ಎರಡನೆಯವನು ಸೋತನೆಂಬುದಕ್ಕೆ ಮನೆಯಲ್ಲಿ ಸ್ಟವ್ವೇ ಸಾಕ್ಷಿ, ದಿನಾ ಎರಡು ಸಲ ಭುಸ್ಸೆಂದು ಹೇಳುತ್ತದೆ. ಈ ಮಾತಿನಲ್ಲಿ ಸತ್ಯವಿತ್ತು. ನಾನು ಸಾಲೆಯಲ್ಲಿದ್ದಾಗ ಭಾಷಣ ಸ್ಪರ್ಧೆಯಲ್ಲಿ ಮೂರನೆಯವನಾಗಿ ಒಂದು ಸೋಪಿನ ಡಬ್ಬಿ ಗೆದ್ದಿದ್ದೆ. ಮಾತಾಡಿದವರು ಮೂವರೇ ಎಂಬುದನ್ನು ಮನೆಯಲ್ಲಿ ಮುಚ್ಚಿಟ್ಟಿದ್ದೆ. ಆದರೆ ಮೊದಲನೆಯವನು ಬಾಜೂಮನೆಯವನೇ ಆದ್ದರಿಂದ ಅವರವ್ವ ನೀರು ಸೇದುವಾಗಲೆಲ್ಲ ನಮ್ಮವ್ವನಿಗೆ ಸೋಪಿನ ಡಬ್ಬಿಯ ಕ್ಷೇಮಸಮಾಚಾರ ಕೇಳುತ್ತಿದ್ದಳು. ಸಮಾಧಾನದ ಬಹುಮಾನ ಎಂದು ಹೆಸರಿಟ್ಟವನು ಅದನ್ನು ಎಂದೂ ಪಡೆದವನಲ್ಲ.

ನಾವು ಹೀಗೆ ಕಾರ್ಖಾನೆಯ ಪಕ್ಕದ ಹಳೇ ಮನೆಯ ಪಡಸಾಲೆಯಲ್ಲಿ ಕೂತು ಎರಡನೆಯವನ ಮಾನ ಕಾಯುವ ಚಿಂತೆಯಲ್ಲಿದ್ದಾಗ ಒಳಗಿನಿಂದ ಗಂಗವ್ವನವರು ಬಂದರು. ಸಾವಕಾರರ ತಾಯಿ. ಮಗ ಬೆಳಗಾವಿಗೆ ಹೋದರೂ ತಾವು ಖಾನಾಪುರದಲ್ಲಿ ಕಾರ್ಖಾನೆಗೆ ಹತ್ತಿದ ಮನೆಯಲ್ಲೇ ಉಳಿದವರು. ಕಂಪನಿಯ ಕಾಗದಪತ್ರದಲ್ಲಿ ಅವರ ಹೆಸರು ಎಲ್ಲಿಯೂ ಇರಲಿಲ್ಲ. ಆದ್ದರಿಂದ ಅವರ ಮಾತನ್ನು ಯಾರೂ ತೆಗೆದುಹಾಕುವಂತಿರಲಿಲ್ಲ. ಅಕ್ಕಿ ಆರಿಸುತ್ತಿದ್ದ ಮೊರವನ್ನು ಕಂಕುಳಲ್ಲಿಟ್ಟುಕೊಂಡೇ ಕೇಳಿದರು.

"ಏನಪಾ, ಹೆಣ್ಣಮಕ್ಕಳೂ ಬರದ ಕಳಸಬಹುದೇನು?"

"ಕಳಸಬಹುದ್ರಿ ಅವ್ವಾರ" ಎಂದೆ.

"ಅಂದಮ್ಯಾಲೆ ನಮ್ಮ ಮನಿ ಹೆಸರಿಗೆ ಒಂದು ಮಾತು ಬರದ ಕಳಿಸಿದಾಕಿನ್ನ ಬರೇ ಉಡೀಲೆ ಕಳಸೂದು? ಆಕಿಗೆ ಒಂದ್ ಖಣ ಬ್ಯಾಡೇನು? ಗಂಡಸ್ರಿಗೆ ಒಂದ್ ಟವೆಲ್, ಟೋಪಿ?"

ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವುದು, ಕಾರ್ಯಕ್ಕೆ ಬಂದ ಗಂಡಸನ್ನು ಟವೆಲ್ಲು ಟೋಪಿಯಿಲ್ಲದೆ ಕಳಿಸುವುದು ಹೇಗೆಂದು ಯಾರಿಗೂ ಗೊತ್ತಿಲ್ಲ. ಆದರೂ ನಾನು ಧೈರ್ಯ ಮಾಡಿದೆ. "ಅವ್ವಾರ, ಇದು ಮದಿವಿ ಅಲ್ರೀ, ಸ್ಪರ್ಧಾ. ಗೆದ್ದಾವ್ರಿಗೆ ಅಷ್ಟ ಕೊಡೂದು."

"ಮದಿವಿ ಅಲ್ಲ, ಖರೇ" ಎಂದರು ಗಂಗವ್ವನವರು ಶಾಂತವಾಗಿ. "ಮದಿವ್ಯಾಗ ಕರೀಲಾರ್ದ ಬಂದಾವ್ರಿಗೂ ಕೊಡತೇವಿ. ಇವ್ರನ್ನ ನಾವಾ ಕರದೇವಲ್ಲಪಾ."

ಎಲ್ಲರಿಗೂ ಏನಾದರೂ ಸಿಗುವ ಕಡೆ ಯಾರೂ ತಲೆ ಓಡಿಸುವುದಿಲ್ಲ ಎಂದು ನಾನು ಅಲ್ಲಿಯೇ ಕಾಲೂರಿ ನಿಂತು ಹೇಳಬೇಕಿತ್ತು. ಆದರೆ ಮಗ ತಾಯಿಯ ಮುಖ ನೋಡುತ್ತಿದ್ದರು, ನಾನು ಮಗನ ಮುಖ ನೋಡುತ್ತಿದ್ದೆ, ಮತ್ತು ಆ ಮುಖದ ಹಿಂದೆ ನನಗೆ ಒಂದು ಖುರ್ಚಿಯೂ ಅದರ ಹಿಂದೆ ಒಂದು ರೊಟ್ಟಿಯೂ ಕಾಣುತ್ತಿದ್ದವು. "ಅವ್ವಾರು ಹೇಳೂದು ಬರೋಬ್ಬರಿ ಐತ್ರಿ" ಎಂದುಬಿಟ್ಟೆ. ಆದರೂ ಓದಿದವನಲ್ಲವೇ? ದುಂದಾಗದಿರಲೆಂದು ಒಂದು ಬಿಗಿ ನಿಯಮವನ್ನು ನನ್ನ ತಲೆಯಿಂದಲೇ ಸೇರಿಸಿದೆ: ಒಬ್ಬರಿಗೆ ಒಂದೇ. ಒಬ್ಬನು ಎಷ್ಟು ಉಪಾಯ ಕಳಿಸಿದರೂ ಟವೆಲ್ಲು ಒಂದೇ.

ಕರಪತ್ರ ಅಚ್ಚಾಯಿತು, ಕನ್ನಡದಲ್ಲೂ ಮರಾಠಿಯಲ್ಲೂ. ಟಾಂಗಾಕ್ಕೆ ಮೈಕಿನ ಕರ್ಣೆ ಕಟ್ಟಿ ಸಂತೆಯ ದಿನ ಕೂಗಿಸಿದೆವು. ವಾರ ಕಳೆಯುವುದರಲ್ಲಿ ಅಂಚೆಯವನು ಪೋಸ್ಟ್‌ಕಾರ್ಡುಗಳನ್ನು ಗೋಣಿಚೀಲದಲ್ಲಿ ತರತೊಡಗಿದ. ತಂದು ಇಳಿಸಿ, ತನ್ನದೊಂದನ್ನು ಜೇಬಿನಿಂದ ತೆಗೆದು ಕೈಗೇ ಕೊಟ್ಟ. ನನ್ನ ಬಿಗಿ ನಿಯಮದ ಪ್ರತಾಪ ಆಗ ತಿಳಿಯಿತು. ಒಬ್ಬರಿಗೆ ಒಂದೇ ಎಂದ ಮೇಲೆ ಒಂದು ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಕಾರ್ಡು. ಅಜ್ಜನದು, ಅಜ್ಜಿಯದು, ಸೊಸೆಯಂದಿರದು, ತೊಟ್ಟಿಲ ಕೂಸಿನದು, ಎಲ್ಲವೂ ಒಂದೇ ಕೈಬರಹದಲ್ಲಿ, ಒಂದೇ ಮಸಿಯಲ್ಲಿ. ಉಪಾಯವೂ ಒಂದೇ: "ಮಂಗ ಬಂದರೆ ಓಡಿಸಬೇಕು."

ನಾನು ಅತಿಶಯೋಕ್ತಿ ಮಾಡುತ್ತಿಲ್ಲ. ಕನ್ನಡದವರು ಹಾಗೇ ಬರೆದಿದ್ದರು, ಮರಾಠಿಯವರೂ ಹಾಗೇ ಬರೆದಿದ್ದರು. ಎರಡು ಭಾಷೆಯವರು ಇಷ್ಟೊಂದು ಏಕಮತಕ್ಕೆ ಬಂದದ್ದನ್ನು ನಮ್ಮ ತಾಲೂಕಿನಲ್ಲಿ ನಾನು ಅದಕ್ಕೂ ಮೊದಲು ಕಂಡಿಲ್ಲ, ಆಮೇಲೂ ಕಂಡಿಲ್ಲ. ಸ್ವಲ್ಪ ಕಷ್ಟಪಟ್ಟವರು ಇರಲಿಲ್ಲವೆಂದಲ್ಲ. ಒಬ್ಬರು, ಬಾಜೂಮನೆಯ ಹಂಚಿನ ಮೇಲೆ ಶೇಂಗಾ ಚೆಲ್ಲಬೇಕು ಎಂದಿದ್ದರು. ಅವರ ಬಾಜೂಮನೆಯವರೂ ಅದನ್ನೇ ಬರೆದಿದ್ದರು. ಇನ್ನೊಬ್ಬರು, ಮಂಗಗಳಿಗೆ ಮನವರಿಕೆ ಮಾಡಿಕೊಡಬೇಕು ಎಂದು ಬರೆದು ಸಹಿಯ ಕೆಳಗೆ ಸಮಾಜಸೇವಕ ಎಂದು ಕಾಣಿಸಿದ್ದರು. ಒಬ್ಬ ಪುಣ್ಯಾತ್ಮ ಮಾತ್ರ, ಹಂಚು ಕಿತ್ತು ಸ್ಲ್ಯಾಬು ಹಾಕಿಸುವುದೇ ಉತ್ತಮ ಎಂದಿದ್ದ. ಸಾವಕಾರರು ಅದನ್ನು ಹರಿಯಲು ಎತ್ತಿಕೊಂಡರು. ಗಂಗವ್ವನವರು, "ಬರದಾನಿಲ್ಲೋ? ಕೊಡಬೇಕು" ಎಂದರು. ಅವನಿಗೂ ಒಂದು ಟವೆಲ್ಲು ಎಂದು ಬರೆದುಕೊಂಡೆ.

ಆ ದಿನಗಳಲ್ಲಿ ನನ್ನ ಜತೆ ಗಾಡಿಯಲ್ಲಿ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರರು ಓಡಾಡುತ್ತಿದ್ದರು, ಮಗಳ ಮನೆಗೆ. ಮಿತಭಾಷಿ. ಒಂದು ಸಂಜೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: "ಮಂಗ್ಯಾ ಎತ್ತಲಾರದಂಗ ಹಂಚಿನ ಅಂಚಿಗೆ ಒಂದು ಕೆಲಸ ಮಾಡಬಹುದ್ರೀ. ಚಿತ್ರಾ ಸೈತ ತಗದಿದ್ದೆ."

ನಾನು ಸೀಟಿನಿಂದ ಎದ್ದೇಬಿಟ್ಟೆ. "ಮತ್ತ ಯಾಕ್ರೀ ಸರ್ ಕಳಿಸಿಲ್ಲ? ಸೈಕಲ್ ಐತಲ್ರೀ!"

"ಟಾಂಗಾದಾಗ ಕೂಗಿದ್ದು ಕೇಳಿ ಕಳಸಾಂವ ಇದ್ದೆ. ಅಷ್ಟರಾಗ ನಿಮ್ಮ ಕರಪತ್ರ ಕೈಗೆ ಬಂತು. ಎಲ್ಲಾರಿಗೂ ಟವೆಲ್ ಅಂತ ಓದಿದೆ. ಎಲ್ಲಾರಿಗೂ ಕೊಡಾವ್ರು ಯಾರದೂ ಓದೂದಿಲ್ಲ ಅಂತ ತಿಳಕೊಂಡು ಸುಮ್ಮನಾದೆ."

"ಈಗರೆ ಹೇಳ್ರಿ ಸರ್" ಎಂದು ಕೈಮುಗಿದೆ. ಅವರು ನನ್ನ ಕಡೆ ಕರುಣೆಯಿಂದ ನೋಡಿದರು. "ಈಗ ಹೇಳಿದ್ರ ನನಗೂ ಒಂದ್ ಟವೆಲ್ ಕೊಡ್ತೀರಿ. ಮನ್ಯಾಗ ಭಾಳ ಅದಾವ್ರೀ" ಎಂದು ಇಳಿದು ಹೋದರು. ನಾಚಿಕೆಯಾಯಿತು, ಸಿಟ್ಟೂ ಬಂತು. ನಾನು ಮೊದಲ ದಿನ ಹೇಳಿದ್ದನ್ನೇ ಆ ಮನುಷ್ಯ ಪುಕ್ಕಟೆಯಾಗಿ ನನಗೇ ಹೇಳಿ ಹೋಗಿದ್ದ.

ಬಹುಮಾನ ಹಂಚುವ ದಿನ ಕಾರ್ಖಾನೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಚ್ಚುಕಡಿಮೆ ಎಲ್ಲರ ಉಪಾಯವೂ ಒಂದೇ ಆದ್ದರಿಂದ ಒಬ್ಬರನ್ನು ಮೊದಲು, ಒಬ್ಬರನ್ನು ಎರಡನೆಯವರು ಎನ್ನಲು ಸಾಧ್ಯವಿರಲಿಲ್ಲ. ಕಡೆಗೆ ಚೀಟಿ ಎತ್ತಿದೆವು. ಗಂಗವ್ವನವರೇ ಕಣ್ಣುಮುಚ್ಚಿ ಡಬ್ಬಿಗೆ ಕೈಹಾಕಿದರು. ಸೈಕಲ್ಲು ಜಾಂಬೋಟಿಯ ಒಂದು ಕೂಸಿಗೆ ಬಂತು. ಅದಕ್ಕೆ ಇನ್ನೂ ಕುತ್ತಿಗೆ ನಿಂತಿರಲಿಲ್ಲ. ಅವರಪ್ಪ ಅದನ್ನು ಸೈಕಲ್ಲಿನ ಸೀಟಿನ ಮೇಲೆ ಹಿಡಿದುಕೊಂಡು ನಿಂತ, ಸಾವಕಾರರು ಹಾರ ಹಾಕಿದರು, ಫೋಟೋದವನು "ಸ್ವಲ್ಪ ನಗಬೇಕು" ಎಂದ. ಕೂಸು ಅತ್ತು ಸೀಟು ತೋಯಿಸಿತು. ಸಭೆ ಚಪ್ಪಾಳೆ ತಟ್ಟಿತು. ಇಡೀ ಸ್ಪರ್ಧೆಯ ಬಗ್ಗೆ ಪ್ರಾಮಾಣಿಕ ಅಭಿಪ್ರಾಯ ಕೊಟ್ಟದ್ದು ಆ ಕೂಸು ಒಂದೇ.

ನನ್ನ ಖುರ್ಚಿ ಹೋಯಿತೆಂದು ನಾನು ಮೂಲೆಯಲ್ಲಿ ನಿಂತಿದ್ದೆ. ಆದರೆ ಸಾವಕಾರರ ಮುಖ ಹೋಳಿಗೆಯಂತೆ ಅರಳಿತ್ತು. ಖಣಕ್ಕೆ, ಟವೆಲ್ಲಿಗೆ ಬಂದ ಜನ ಬರಿದೇ ನಿಲ್ಲುವುದಕ್ಕೆ ಬೇಸರವಾಗಿ ಭಟ್ಟಿ ನೋಡಿದ್ದರು, ಹಂಚು ಬಡಿದು ನಾದ ಕೇಳಿದ್ದರು, ಬಂದದ್ದೇ ಬಂದೆವಲ್ಲ ಎಂದು ಮುಂಗಡ ಕೊಟ್ಟಿದ್ದರು. ಮಳೆಗಾಲದ ತನಕ ಸುಟ್ಟರೂ ತೀರದಷ್ಟು ಬೇಡಿಕೆ. "ಉಪಾಯ ಸಿಗಲಿಲ್ಲ, ಹೋಗ್ಲಿ ಬಿಡ್ರಿ. ಗಿರಾಕಿ ಸಿಕ್ಕರಲ್ಲ!" ಎಂದು ನನ್ನನ್ನು ಎಳೆದುಕೊಂಡು ಹೋಗಿ ವೇದಿಕೆಯ ಮೇಲೆ ನಿಲ್ಲಿಸಿದರು. ಶಾಲು ಹೊದಿಸಿದರು. ತಲೆಗೆ ರುಮಾಲು ಸುತ್ತಿದರು. ಮೈಕಿನಲ್ಲಿ ಸಾರಿದರು: "ಇದೆಲ್ಲಾ ಚೌಗಲೇರ ತಲಿ! ಇಂಥಾ ಮನಷ್ಯಾನ ಬೆಳಗಾವಿಗೆ ಕಳಸಾಕ ನಾವೇನು ಹುಚ್ಚರ? ವರ್ಷಾ ವರ್ಷಾ ಸ್ಪರ್ಧಾ ಆಗೂದು, ಅವರು ಇಲ್ಲೇ ಇರೂದು!"

ಅಷ್ಟು ಜನ ಚಪ್ಪಾಳೆ ತಟ್ಟುವಾಗ, ರುಮಾಲು ಸುತ್ತಿದ ತಲೆಯನ್ನು ಅಡ್ಡ ಅಲ್ಲಾಡಿಸುವ ವಿದ್ಯೆ ನನಗೆ ಬರುತ್ತಿರಲಿಲ್ಲ. ಕೆಳಗಿಳಿದ ಮೇಲೆ ಗಂಗವ್ವನವರು ನನ್ನ ಬೆನ್ನು ಸವರಿದರು. "ದಿನಾ ಸಂಜೀಕೆ ತಣ್ಣನ ರೊಟ್ಟಿ ಕಡೀತಿ, ನೋಡೇನಿ ನಾ. ನಮ್ಮ ಬಾಜೂಕಿನ ಮನಿ ಕೊಡಸೇನಿ. ಹೆಂಡ್ತೀನ ಕರಕೊಂಡ ಬಾ. ಹೊತ್ತ ಮುಳುಗೂದರಾಗ ಬಿಸಿ ರೊಟ್ಟಿ ತಿನ್ನು" ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ನಾನು ಕೇಳಿದ್ದು ಬೆಳಗಾವಿ, ನನಗೆ ಬೇಕಿದ್ದದ್ದು ರೊಟ್ಟಿ. ಈ ಮುದುಕಿ ಬೆಳಗಾವಿಯನ್ನು ತೆಗೆದು ಪಕ್ಕಕ್ಕಿಟ್ಟು ರೊಟ್ಟಿಯನ್ನಷ್ಟೇ ಎತ್ತಿ ಕೈಗೆ ಕೊಟ್ಟಿದ್ದಳು. ನನ್ನ ಯೋಜನೆಯಲ್ಲಿ ಎಲ್ಲರಿಗೂ ಏನಾದರೂ ಸಿಗಲೇಬೇಕಲ್ಲವೇ.

ಸುದ್ದಿ ಕೇಳಿದ ಮೂರನೆಯ ದಿನ ಪದ್ಮಾವತಿ, "ಬಸದಿ ದೂರಾತು" ಎಂದಷ್ಟೇ ಹೇಳಿ ಪಾತ್ರೆ ಭಾಂಡೆ ಕಟ್ಟತೊಡಗಿದಳು. ಕೊಟ್ಟ ಮನೆ ಚೊಕ್ಕಟವಾಗಿತ್ತು. ಮೇಲೆ ನಮ್ಮದೇ ಕಂಪನಿಯ ಹೊಸ ಹಂಚು. ಹೋದ ದಿನವೇ ಸಂಜೆ ಒಲೆ ಹೊತ್ತಿತು. ನಾನು ಕೈಕಾಲು ತೊಳೆದುಕೊಂಡು ಬಂದು ತಾಟಿನ ಮುಂದೆ ಕೂತೆ. ಎಷ್ಟೋ ತಿಂಗಳ ಮೇಲೆ ಒಂದು ರೊಟ್ಟಿ ನನ್ನ ಕಣ್ಣೆದುರು ಒಲೆಯ ಹಂಚಿನ ಮೇಲೆ ಉಬ್ಬಿತು, ತಾಟಿಗೆ ಬಿತ್ತು. ಬದನೆಕಾಯಿ ಪಲ್ಲೆ, ಮೇಲೆ ಬೆಣ್ಣೆ. ಮೊದಲ ತುತ್ತಿಗೆ ಕೈಹಾಕಿದೆ. ಸೂರಿನ ಮೇಲೆ ದಡದಡ ಸದ್ದಾಯಿತು. ನೆತ್ತಿಯ ಮೇಲಿನ ಒಂದು ಹಂಚು ಸರಿಯಿತು, ಇಳಿಬಿಸಿಲಿನ ಒಂದು ತುಂಡು ನೇರವಾಗಿ ಪಲ್ಲೆಯ ಮೇಲೆ ಬಿತ್ತು, ಅದರ ಹಿಂದೆ ಒಂದು ಕರಿಯ ಮೂತಿ ಇಣುಕಿತು. ಪಕ್ಕದ ಹಂಚೂ ಎದ್ದಿತು.

ಪದ್ಮಾವತಿ ಮೇಲೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಅಲ್ರೀ, ಅಷ್ಟ ಮಂದಿ ಬರದ ಕಳಿಸಿದ್ರಲ್ಲ, ಏನಂತ ಬರದಿದ್ರು?"

"ಮಂಗ ಬಂದರ ಓಡಸಬೇಕು ಅಂತ" ಎಂದೆ.

"ಮತ್ತ ಏಳ್ರಿ" ಎಂದಳು.

ಎದ್ದೆ. ಬಡಿಗೆ ಹಿಡಿದು ಹಿತ್ತಲಿಗೆ ಹೋದೆ. ಅವು ಮುಂಬಾಗಿಲಿಗೆ ಬಂದವು. ಮುಂಬಾಗಿಲಿಗೆ ಓಡಿದೆ, ಹಿತ್ತಲಿಗೆ ಹೋದವು. ಆಚೆ ಕಟ್ಟೆಯ ಮೇಲೆ ಹೆಗಲಿಗೆ ನಮ್ಮ ಹೊಸ ಟವೆಲ್ಲು ಹಾಕಿಕೊಂಡು ಕೂತಿದ್ದವರು ಕೂತಲ್ಲಿಂದಲೇ ಹುರಿದುಂಬಿಸಿದರು. ಕೊನೆಯದೊಂದು ಪೇರಲ ಗಿಡ ಹಾರಿ ಬೇಲಿಯಾಚೆ ಹೋದ ಮೇಲೆ, ಏದುಸಿರು ಬಿಡುತ್ತಾ ತಿರುಗಿ ನೋಡಿದೆ. ಪದ್ಮಾವತಿ ಬಾಗಿಲಲ್ಲಿ ನಿಂತು ಪಡುವಣ ದಿಕ್ಕಿಗೆ ನೋಡುತ್ತಿದ್ದಳು. ಒಳಗೆ ಹೋಗಿ ನನ್ನ ತಾಟು ಎತ್ತಿಟ್ಟಳು. ಇಡೀ ತಾಲೂಕು ಕೂಡಿ ಕೊಟ್ಟ ಉಪಾಯ ಸುಳ್ಳೆನ್ನಲು ನನಗೆ ಬಾಯಿಲ್ಲ. ಮಂಗ ಓಡಿಹೋಗಿತ್ತು. ಹೊತ್ತೂ ಮುಳುಗಿತ್ತು.